ಗಾಳಿ ತುಂಬುವ ಮುನ್ನ



ಮಲಪ್ರಭೆಯ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೆ ನೀರಿನ ಭಯವೂ ನೀರಿನ ಸಲಿಗೆಯೂ ಒಟ್ಟಿಗೇ ಬರುತ್ತವೆ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಗಳನ್ನು ಪೋಣಿಸಿಕೊಂಡು ಹರಿಯುವ ಈ ಹೊಳೆಯಲ್ಲಿ ನಮ್ಮ ಬಾಲ್ಯ ಕಳೆಯಿತು. ಇದರ ನೀರಿನಿಂದಲೇ ನಮ್ಮ ಹೊಲಗಳು ಹಸಿರಾದವು. ಇದೇ ನೀರು ಕೆಲವು ಮನೆಗಳ ದೀಪವನ್ನೂ ನಂದಿಸಿತು. ಆದ್ದರಿಂದ ನೀರಿನಲ್ಲಿ ಮನುಷ್ಯನನ್ನು ತೇಲಿಸುವ ಒಂದು ಸಣ್ಣ ಸಾಧನದ ವಿಷಯವಾಗಿ ನಾನು ಬರೆಯಹೊರಟರೆ ನೀವು ಬೇಸರಪಡಲಾರಿರಿ ಎಂಬ ಭರವಸೆ ನನಗಿದೆ. ಈ ಬರಹದಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಅದನ್ನು ಹೇಳಲು ನನಗೆ ನಲವತ್ತೊಂಬತ್ತು ವರ್ಷ ಬೇಕಾಯಿತು.

2023ರ ಕ್ರಿಸ್ಮಸ್ ರಜೆಗೆ ನನ್ನ ತಮ್ಮನ ಮಗ ಪುಣೆಯಿಂದ ಬೈಲಹೊಂಗಲಕ್ಕೆ ಬಂದಿದ್ದ. ಅಲ್ಲಿ ಅವನಿಗೆ ಕಂಪ್ಯೂಟರ್ ಕೆಲಸ. ವಾರದ ಕೊನೆಯಲ್ಲಿ ಪ್ಯಾರಾಗ್ಲೈಡಿಂಗ್ ಹುಚ್ಚು. ಪುಣೆಯಿಂದ ಲೋಣಾವಳದ ಕಡೆಗೆ ಹೋಗುವ ದಾರಿಯಲ್ಲಿ ಕಾಮಶೇತ್ ಎಂಬ ಊರಿದೆ. ಅದರ ಸುತ್ತಲಿನ ಗುಡ್ಡಗಳ ಮೇಲಿಂದ, ಬೆನ್ನ ಹಿಂದೆ ಬಟ್ಟೆಯ ದೊಡ್ಡದೊಂದು ರೆಕ್ಕೆ ಬಿಚ್ಚಿಕೊಂಡು, ಯುವಕರು ಗಾಳಿಗೆ ಹಾರುತ್ತಾರೆ. ಮಳೆಗಾಲ ಮುಗಿದ ಮೇಲೆ ಅಲ್ಲಿ ಹಾರಾಟದ ಸುಗ್ಗಿ. ಹುಡುಗ ತನ್ನ ಚೀಲವನ್ನು ಜೊತೆಗೇ ತಂದಿದ್ದ. ಸಂಜೆ ಚಹಾ ಕುಡಿದಾದ ಮೇಲೆ ಅದರೊಳಗಿನದನ್ನೆಲ್ಲ ಪಡಸಾಲೆಯಲ್ಲಿ ಹರವಿ ನಮಗೆ ತೋರಿಸತೊಡಗಿದ.

ಮೊದಲು ತೋರಿಸಿದ್ದು ಕುಳಿತು ಹಾರುವ ಆಸನ. ಅದರ ಬೆನ್ನ ಭಾಗದಲ್ಲಿ ಹಾಸಿಗೆಯಂತೆ ದಪ್ಪನೆಯ ಚೀಲವೊಂದಿತ್ತು. ಹಾರುವಾಗ ಎದುರುಗಾಳಿ ಒಂದು ಬಾಯಿಯಿಂದ ಒಳಹೊಕ್ಕು ಅದನ್ನು ಉಬ್ಬಿಸುತ್ತದೆ. ಇಳಿಯುವಾಗ ಎಡವಟ್ಟಾಗಿ ಕುಂಡೆಯ ಮೇಲೆ ಬಿದ್ದರೆ ಒಳಗಿನ ಗಾಳಿ ಒಮ್ಮೆಲೇ ನುಗ್ಗಿ ಹೋಗದೆ ನಿಧಾನವಾಗಿ ಹೊರಬೀಳುತ್ತದೆ. ಅದರಿಂದ ಬೆನ್ನೆಲುಬಿಗೆ ಬೀಳಬೇಕಾದ ಪೆಟ್ಟು ತಗ್ಗುತ್ತದೆ. ಆಮೇಲೆ ತೋರಿಸಿದ್ದು ಕೊರಳಿಗೆ ಹಾಕಿಕೊಳ್ಳುವ ಒಂದು ಪಟ್ಟಿ. ನಮ್ಮ ಎತ್ತುಗಳ ಕೊರಳಪಟ್ಟಿಯಷ್ಟೇ ಅಗಲ. ಎದೆಯ ಎರಡೂ ಬದಿಗೆ ಇಳಿಬಿದ್ದು ಸೊಂಟದ ಹತ್ತಿರ ಬಕಲಿನಿಂದ ಬಿಗಿಯುತ್ತದೆ.

“ಇದೇನೋ?” ಎಂದೆ.

“ಲೈಫ್ ಜಾಕೆಟ್ಟು ದೊಡ್ಡಪ್ಪ. ನೀರಾಗ ಬಿದ್ರ ತಾನಾಗೇ ಉಬ್ಬತೈತಿ.”

“ಆಕಾಶದಾಗ ಹಾರಾಂವಗ ನೀರಿಂದೇನು ಕೆಲಸ?” ಎಂದು ನನ್ನ ತಮ್ಮ ಕೇಳಿದ. ಪ್ರಶ್ನೆ ಸರಿಯಾದದ್ದೇ. ನಿಮಗೂ ಅದೇ ತೋಚಿರಬಹುದು.

ಹಾರುವವನಿಗೆ ನೀರಿನ ಭಯ ನೆಲದ ಭಯಕ್ಕಿಂತ ಕಡಿಮೆಯದಲ್ಲ. ಕಾಮಶೇತಿನ ಗುಡ್ಡಗಳ ಕೆಳಗೆ ಕೆರೆಗಳೂ ಜಲಾಶಯಗಳೂ ಇವೆ. ಗಾಳಿ ತಿರುಗಿದರೆ ಇಳಿಯಬೇಕಾದ ಗದ್ದೆಯ ಬದಲು ನೀರಿಗಿಳಿಯಬೇಕಾದೀತು. ಆಗ ಮೈಯೆಲ್ಲ ಪಟ್ಟಿಗಳಿಂದ ಬಿಗಿದಿರುತ್ತದೆ; ತಲೆಯ ಮೇಲೆ ಒದ್ದೆ ಬಟ್ಟೆ ಕವಿಯುತ್ತದೆ; ಹತ್ತಾರು ಹುರಿಗಳು ಕೈಕಾಲಿಗೆ ತೊಡರುತ್ತವೆ. ಎಂಥ ಈಜುಗಾರನೂ ಅಲ್ಲಿ ಅಸಹಾಯಕ. ಇನ್ನೊಂದು ಮಾತನ್ನೂ ಹುಡುಗ ಹೇಳಿದ. ಅದನ್ನು ಕೇಳಿ ನಾನು ಬೆರಗಾದೆ. ನೆಲದ ಮೇಲೆ ಬೆನ್ನನ್ನು ಕಾಯುವ ಆ ದಪ್ಪ ಚೀಲವೇ ನೀರಿನಲ್ಲಿ ಶತ್ರುವಾಗಬಲ್ಲದು! ಬೆನ್ನಿನ ಕಡೆ ಗಾಳಿ ತುಂಬಿದ್ದರೆ ಬೆನ್ನು ಮೇಲೆ ತೇಲುತ್ತದೆ, ಮುಖ ಕೆಳಗಾಗುತ್ತದೆ. ಆದ್ದರಿಂದಲೇ ಎದೆಯ ಮೇಲೆ ಮತ್ತು ಕತ್ತಿನ ಹಿಂದೆ ಉಬ್ಬುವ ಈ ಎರಡನೆಯ ಸಾಧನ ಬೇಕು. ಪ್ರಜ್ಞೆ ತಪ್ಪಿದವನನ್ನೂ ಅಂಗಾತ ಹೊರಳಿಸಿ ಮೂಗುಬಾಯಿಗಳನ್ನು ನೀರಿನಿಂದ ಮೇಲಿಡುವುದು ಅದರ ಉದ್ದೇಶ. ವಿಮಾನದಿಂದ ಜಿಗಿಯುವವರಲ್ಲೂ ಕೆಲವರಿಗೆ ಇದೇ ಕಟ್ಟಳೆ. ಜಿಗಿಯುವ, ಪ್ಯಾರಾಚೂಟ್ ಬಿಚ್ಚುವ ಅಥವಾ ಇಳಿಯುವ ಸ್ಥಳದಿಂದ ಒಂದು ಮೈಲಿಯೊಳಗೆ ಮನುಷ್ಯ ಮುಳುಗಬಹುದಾದಷ್ಟು ನೀರಿದ್ದರೆ ಒಂಟಿಯಾಗಿ ಜಿಗಿಯಲು ಕಲಿಯುತ್ತಿರುವವರೂ ದುಂಡನೆಯ ಪ್ಯಾರಾಚೂಟ್ ಬಳಸುವವರೂ ತೇಲುವ ಸಾಧನ ಧರಿಸಲೇಬೇಕೆಂಬುದು ಅಮೆರಿಕದ ಪ್ಯಾರಾಚೂಟ್ ಸಂಘದ ನಿಯಮ.

ಅದೇ ವರ್ಷದ ಅಕ್ಟೋಬರ್ 21ರಂದು ಶ್ರೀಹರಿಕೋಟಾದಿಂದ ನಡೆದ ಗಗನಯಾನದ ಪರೀಕ್ಷೆಯನ್ನು ನೀವು ಟೀವಿಯಲ್ಲಿ ನೋಡಿರಬಹುದು. ಯಾತ್ರಿಕರಿಲ್ಲದ ಆ ಕೋಶ ಪ್ಯಾರಾಚೂಟುಗಳ ಆಸರೆಯಿಂದ ಬಂಗಾಳ ಕೊಲ್ಲಿಗೆ ಮೆಲ್ಲನೆ ಇಳಿಯಿತು. ಆದರೆ ನೀರಿಗಿಳಿದ ಮೇಲೆ ತಲೆಕೆಳಗಾಗಿ ತೇಲಿತು. ನೌಕಾಪಡೆಯವರು ಅದನ್ನು ಎತ್ತಿ ತಂದರು. ಇದರಲ್ಲಿ ನಾಚಿಕೆಪಡುವಂಥದೇನಿಲ್ಲ, ಪರೀಕ್ಷೆ ಮಾಡುವುದೇ ಇಂಥವನ್ನು ಕಂಡುಕೊಳ್ಳಲಿಕ್ಕೆ. ಚಂದ್ರನಿಂದ ಮರಳಿದ ಅಪೊಲೊ 11 ಕೂಡ 1969ರ ಜುಲೈ 24ರಂದು ಶಾಂತಸಾಗರದಲ್ಲಿ ತಲೆಕೆಳಗಾಗಿಯೇ ತೇಲಿತ್ತು. ಗಾಳಿಚೀಲಗಳನ್ನು ಉಬ್ಬಿಸಿದ ಮೇಲೆ ಅದು ನೆಟ್ಟಗಾಯಿತು. ಚಂದ್ರನನ್ನು ಮುಟ್ಟಿ ಬಂದವರಿಗೂ ಕಡೆಯಲ್ಲಿ ಬೇಕಾದದ್ದು ಗಾಳಿ ತುಂಬಿದ ಚೀಲವೇ!

ಚೀಲಕ್ಕೆ ಗಾಳಿ ತುಂಬಿ ನೀರನ್ನು ಗೆಲ್ಲುವ ವಿದ್ಯೆ ಬಹಳ ಹಳೆಯದು. ಯೋನನ ಕಥೆಯಿಂದ ನಮಗೆಲ್ಲ ಪರಿಚಿತವಾದ ನಿನೆವೆ ಪಟ್ಟಣದ ದಕ್ಷಿಣಕ್ಕೆ, ತೈಗ್ರಿಸ್ ನದಿಯ ಸಮೀಪ, ನಿಮ್ರುದ್ ಎಂಬಲ್ಲಿ ಅಶ್ಶೂರದ ಅರಸರ ಅರಮನೆಯಿತ್ತು. ಕ್ರಿಸ್ತಪೂರ್ವ ಒಂಬತ್ತನೆಯ ಶತಮಾನದ ಆ ಅರಮನೆಯ ಕಲ್ಲುಚಿತ್ರಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅವುಗಳಲ್ಲೊಂದರಲ್ಲಿ ಸೈನಿಕರು ಊದಿದ ತೊಗಲನ್ನು ಎದೆಗೆ ಅವಚಿಕೊಂಡು ನದಿ ದಾಟುತ್ತಿದ್ದಾರೆ. ನಮ್ಮಲ್ಲಿ ತೊಗಲಿನ ಬದಲು ಒಣಗಿದ ಸೋರೆಬುರುಡೆಯಿತ್ತು. ಈಸು ಕಲಿಯುವ ಹುಡುಗರ ಬೆನ್ನಿಗೆ ಹಿರಿಯರು ಅದನ್ನು ಕಟ್ಟುತ್ತಿದ್ದರು. ಅಪೊಸ್ತಲರ ಕೃತ್ಯಗಳ ಇಪ್ಪತ್ತೇಳನೆಯ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಪೌಲನಿದ್ದ ಹಡಗು ಮಾಲ್ಟಾ ದ್ವೀಪದ ದಡದಲ್ಲಿ ಒಡೆದಾಗ ಅದರಲ್ಲಿ 276 ಜನರಿದ್ದರು. ಈಜಬಲ್ಲವರು ಮೊದಲು ಧುಮುಕಬೇಕೆಂದೂ ಉಳಿದವರು ಹಲಗೆಗಳನ್ನೋ ಹಡಗಿನ ತುಂಡುಗಳನ್ನೋ ಹಿಡಿದು ಬರಬೇಕೆಂದೂ ಶತಾಧಿಪತಿ ಅಪ್ಪಣೆ ಕೊಟ್ಟ. ಎಲ್ಲರೂ ದಡ ಸೇರಿದರು. ಆ ಅಧ್ಯಾಯವನ್ನು ಓದುವಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಆ ಹಲಗೆಗಳ ಬಳಿ.

ನಮ್ಮ ಕಾಲಕ್ಕೆ ಸೋರೆಬುರುಡೆ ಹೋಗಿ ಲಾರಿಯ ಟ್ಯೂಬು ಬಂದಿತ್ತು. ಇಲ್ಲಿಂದ ನನ್ನ ಕಥೆ ಆರಂಭವಾಗುತ್ತದೆ.

1974ನೆಯ ಇಸವಿ. ನಮ್ಮದು ಮುನವಳ್ಳಿಯ ಆಚೆ ಹೊಳೆದಂಡೆಯ ಒಂದು ಹಳ್ಳಿ. ನವಿಲುತೀರ್ಥದಲ್ಲಿ ಅಣೆಕಟ್ಟು ಬಂದ ಮೇಲೆ, ಈಗ ರೇಣುಕಾಸಾಗರವೆಂದು ಕರೆಯುವ ಜಲಾಶಯದ ಹಿನ್ನೀರು ನಮ್ಮ ಹೊಳೆಗೆ ಒತ್ತಿ ನಿಲ್ಲುತ್ತಿತ್ತು. ಅಪ್ಪಂದಿರು ಕಾಲಿನಿಂದಲೇ ದಾಟುತ್ತಿದ್ದ ಕಡೆ ನಮಗೆ ಆಳ ತಿಳಿಯುತ್ತಿರಲಿಲ್ಲ. ನನಗೆ ಹದಿಮೂರು ವರ್ಷ, ತಮ್ಮನಿಗೆ ಹತ್ತು. ದಸರೆಯ ರಜೆಯಲ್ಲಿ ನಮ್ಮ ಸೋದರಮಾವ ಹಳೆಯದೊಂದು ಲಾರಿ ಟ್ಯೂಬನ್ನು ತಂದುಕೊಟ್ಟರು. ಅದಕ್ಕೆ ತೂತು ಬಿದ್ದಿತ್ತು. ಅಪ್ಪ ಎಂಟಾಣೆ ಕೊಟ್ಟರು. ನಾನು ಮುನವಳ್ಳಿಗೆ ಹೋಗಿ ಪಂಚರ್ ಅಂಗಡಿಯಲ್ಲಿ ಪ್ಯಾಚು ಹಾಕಿಸಿಕೊಂಡು ಬಂದೆ. ಅಂಗಡಿಯವರು ಟ್ಯೂಬನ್ನು ಕೈಗೆ ಕೊಡುತ್ತ ಹೇಳಿದ್ದು ನನಗೆ ಇಂದಿಗೂ ಅಕ್ಷರಶಃ ನೆನಪಿದೆ:

“ತಮ್ಮಾ, ಇವತ್ತ ಪ್ಯಾಚು ಆರಲಿ. ನಾಳೆ ಗಾಳಿ ತುಂಬಿ, ಹೌದಿನ ನೀರಾಗ ಅದ್ದಿ ನೋಡು. ಗುಳ್ಳಿ ಬಂದ್ರ ಹೊಳೀಗೆ ಒಯ್ಯಬ್ಯಾಡ, ನನ್ನ ಕಡೆ ತಾ.”

ಹೂಂ ಎಂದೆ. ಮರುದಿನ ಬೆಳಿಗ್ಗೆ ಸೈಕಲ್ ಪಂಪಿನಿಂದ ಗಾಳಿ ತುಂಬುವಷ್ಟರಲ್ಲಿ ಕೈ ಸೋತುಹೋಯಿತು. ಗೆಳೆಯರು ಆಗಲೇ ಹೊಳೆಗೆ ಹೋಗಿದ್ದರು. ದನಗಳು ನೀರು ಕುಡಿಯುವ ಹೌದು ಓಣಿಯ ಆ ತುದಿಗಿತ್ತು. ಟ್ಯೂಬನ್ನು ಹೆಗಲಿಗೆ ಹಾಕಿಕೊಂಡು ಹೊಳೆಯ ದಾರಿ ಹಿಡಿದೆ. ತಮ್ಮ ಹಿಂದೆ ಓಡಿ ಬರುತ್ತ ಕೇಳಿದ:

“ನೋಡೀಯೇನಣ್ಣಾ?”

“ನೋಡೀನಿ ಬಾ” ಎಂದೆ.

ಅಷ್ಟೇ. ಅವನಿಗೆ ಈಸು ಬರುತ್ತಿರಲಿಲ್ಲ. ಟ್ಯೂಬಿನ ನಡುವೆ ತೋಳು ತೂರಿಸಿಕೊಂಡು ನಗುತ್ತ ನಡುಹೊಳೆಗೆ ಹೋದ. ಸ್ವಲ್ಪ ಹೊತ್ತಿನಲ್ಲಿ ಅವನ ನಗು ನಿಂತಿತು. ಟ್ಯೂಬು ಒಂದು ಬದಿಗೆ ಮೆತ್ತಗಾಗಿ ಬಾಗಿತು. ಅವನ ತೋಳು ಜಾರಿದವು. ಟ್ಯೂಬು ಇನ್ನೂ ತೇಲುತ್ತಿತ್ತು. ತಮ್ಮ ಮಾತ್ರ ಅದರ ನಡುವಿನಿಂದ ಕೆಳಗಿಳಿದು ಹೋದ. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಆಚೆ ದಂಡೆಯಲ್ಲಿ ಎಮ್ಮೆ ತೊಳೆಯುತ್ತಿದ್ದವರೊಬ್ಬರು ಧುಮುಕಿ, ಅವನ ಕೂದಲು ಹಿಡಿದು ಮೇಲಕ್ಕೆಳೆದರು. ಬಾಯಿಂದ ನೀರು ಬಂದು ಅವನು ಕೆಮ್ಮಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಎಂಟು ದಿನ ಜ್ವರದಲ್ಲಿ ಮಲಗಿದ. ಆ ರಾತ್ರಿ ಅಪ್ಪ ನನ್ನನ್ನು ಅಂಗಳಕ್ಕೆ ಕರೆದು, “ಟ್ಯೂಬು ಅದ್ದಿ ನೋಡಿದ್ದೇನು?” ಎಂದು ಕೇಳಿದರು. “ನೋಡಿದ್ದೆ” ಎಂದೆ. ಅಪ್ಪ ಮತ್ತೆಂದೂ ಕೇಳಲಿಲ್ಲ.

ಓದುಗರೇ, ಮುಂದೆ ನಾನು ವಿಜ್ಞಾನದ ಮಾಸ್ತರನಾದೆ. ಮೂವತ್ತಕ್ಕೂ ಹೆಚ್ಚು ವರ್ಷ ಸವದತ್ತಿ ಸೀಮೆಯ ಮಕ್ಕಳಿಗೆ ಆರ್ಕಿಮಿಡೀಸನ ತತ್ವ ಕಲಿಸಿದೆ. ನೀರಿನಲ್ಲಿ ಮನುಷ್ಯನ ತೂಕ ಬಹುಪಾಲು ಕರಗಿಹೋಗುತ್ತದೆ. ವಯಸ್ಕನ ಬಾಯಿಯನ್ನು ನೀರಿನ ಮೇಲಿಡಲು ಮೂರರಿಂದ ಐದು ಕಿಲೋದಷ್ಟು ಆಸರೆ ಸಾಕು ಎಂದು ಲೆಕ್ಕ ಬಿಡಿಸಿ ತೋರಿಸಿದೆ. ಪ್ರತಿ ವರ್ಷ ಆ ಪಾಠ ಬಂದಾಗ ಕಪ್ಪುಹಲಗೆಯ ಕಡೆ ತಿರುಗಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ. ತತ್ವ ಬಲ್ಲವನಿಗೆ ಎರಡು ಶಬ್ದದ ಸುಳ್ಳಿನ ಭಾರ ಇಳಿಸಲು ಬರಲಿಲ್ಲ.

ಗಾಳಿ ತುಂಬಿದ ಜಾಕೆಟ್ಟುಗಳು ಹೆಸರಾದದ್ದು ಎರಡನೆಯ ಮಹಾಯುದ್ಧದಲ್ಲಿ. ಸಮುದ್ರದ ಮೇಲೆ ಹಾರುವ ವೈಮಾನಿಕರು ಅವನ್ನು ಧರಿಸುತ್ತಿದ್ದರು. ಅವುಗಳಿಂದಲೋ ಗಾಳಿ ತುಂಬಿದ ದೋಣಿಗಳಿಂದಲೋ ಸಮುದ್ರದಲ್ಲಿ ಜೀವ ಉಳಿಸಿಕೊಂಡವರಿಗಾಗಿ 1942ರಲ್ಲಿ ಇಂಗ್ಲೆಂಡಿನಲ್ಲಿ ‘ಗೋಲ್ಡ್‌ಫಿಶ್ ಕ್ಲಬ್’ ಎಂಬ ಸಂಘ ಹುಟ್ಟಿತು. ರೆಕ್ಕೆಯುಳ್ಳ ಬಂಗಾರದ ಮೀನು ಅದರ ಲಾಂಛನ. ಪ್ಯಾರಾಚೂಟಿನಿಂದ ಬದುಕಿದವರಿಗೆ 1922ರಷ್ಟು ಹಿಂದೆಯೇ ‘ಕ್ಯಾಟರ್‌ಪಿಲ್ಲರ್ ಕ್ಲಬ್’ ಇತ್ತು. ರೇಷ್ಮೆಯ ಪ್ಯಾರಾಚೂಟಿಗೆ ನೂಲು ಕೊಟ್ಟ ಹುಳುವಿನ ಹೆಸರು ಅದಕ್ಕೆ. ಈ ಸಂಘಗಳಿಗೆ ಹಣ ಕೊಟ್ಟು ಸೇರಲು ಬರುವುದಿಲ್ಲ. ಸಾವಿನ ಬಾಗಿಲಿಗೆ ಹೋಗಿ ಮರಳಿದವರಿಗೆ ಮಾತ್ರ ಸದಸ್ಯತ್ವ.

ಆದರೆ ಇದೇ ಜಾಕೆಟ್ಟು ಹೊತ್ತಲ್ಲದ ಹೊತ್ತಿನಲ್ಲಿ ಉಬ್ಬಿದರೆ ಏನಾಗುತ್ತದೆಂಬುದನ್ನೂ ಲೋಕ ಕಂಡಿದೆ. 1996ರ ನವೆಂಬರ್ 23ರಂದು ಅಪಹರಣಕ್ಕೊಳಗಾದ ಇಥಿಯೋಪಿಯಾದ ವಿಮಾನವೊಂದು ಇಂಧನ ತೀರಿ, ಹಿಂದೂ ಮಹಾಸಾಗರದ ಕೊಮೊರೊಸ್ ದ್ವೀಪದ ಬಳಿ ನೀರಿಗಿಳಿಯಿತು. ಅದರಲ್ಲಿದ್ದ 175 ಜನರಲ್ಲಿ 125 ಜನ ಸತ್ತರು. ಗಾಬರಿಯಾದ ಎಷ್ಟೋ ಪ್ರಯಾಣಿಕರು ವಿಮಾನದೊಳಗಿರುವಾಗಲೇ ಜಾಕೆಟ್ಟುಗಳನ್ನು ಉಬ್ಬಿಸಿಕೊಂಡಿದ್ದರು. ನೀರು ಒಳನುಗ್ಗಿದಾಗ ಆ ಗಾಳಿಯೇ ಅವರನ್ನು ಮೇಲ್ಛಾವಣಿಗೆ ಒತ್ತಿ ಹಿಡಿಯಿತು. ಬಾಗಿಲು ಕೆಳಗಿತ್ತು, ಮುಳುಗಿ ಅದರ ಕಡೆ ಹೋಗಲು ಆಗಲಿಲ್ಲ. ನೀವು ವಿಮಾನ ಹತ್ತಿದಾಗ, ಹೊರಗೆ ಬರುವವರೆಗೂ ಜಾಕೆಟ್ಟಿಗೆ ಗಾಳಿ ತುಂಬಬೇಡಿ ಎಂದು ಹೇಳುತ್ತಾರಲ್ಲ, ಆ ಮಾತಿನ ಬೆಲೆ ಇಷ್ಟು.

ಮೊದಲೇ ಉಬ್ಬಿಸಬಾರದು, ನಿಜ. ಆದರೆ ತೊಡುವುದನ್ನು ಮಾತ್ರ ಮೊದಲೇ ತೊಡಬೇಕು. ಈ ಎರಡರ ನಡುವಿನ ವ್ಯತ್ಯಾಸವನ್ನು ನನಗೆ ಕಲಿಸಿದವಳು ರಾಮದುರ್ಗದ ನನ್ನ ತಂಗಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ, ಅಣೆಕಟ್ಟಿನಿಂದ ಬಿಟ್ಟ ನೀರು ರಾಮದುರ್ಗದ ತಗ್ಗಿನ ಓಣಿಗಳಿಗೆ ನುಗ್ಗಿದ್ದು ನಿಮಗೆ ನೆನಪಿರಬಹುದು. ನಿಮ್ಮಲ್ಲಿ ಕೆಲವರು ಅದನ್ನು ಅನುಭವಿಸಿದವರೇ ಆಗಿರಬಹುದು. ತಂಗಿಯ ಮನೆಯ ಕಟ್ಟೆಯವರೆಗೆ ರಬ್ಬರ್ ದೋಣಿ ಬಂತು. ದೋಣಿಯ ಹುಡುಗ ಕೇಸರಿ ಬಣ್ಣದ ಜಾಕೆಟ್ಟು ಕೊಟ್ಟ. ಅದು ಗಾಳಿಯದಲ್ಲ, ಹಗುರ ಬೆಂಡು ತುಂಬಿದ್ದು. ಅದರ ಒಂದು ಪಟ್ಟಿ ಕಾಲುಗಳ ನಡುವಿನಿಂದ ಹಾಯ್ದು ಮುಂದೆ ಬರುತ್ತದೆ. ಸೀರೆಯುಟ್ಟ ನನ್ನ ತಂಗಿ ನಾಚಿ, “ಆ ಪಟ್ಟಿ ಇರಲಿ ಬಿಡೋ ಯಪ್ಪಾ, ಕೊರಳಿಗೆ ಹಾಕ್ಕೊಂಡೀನಲ್ಲ” ಎಂದಳಂತೆ. ಆ ಹುಡುಗ ಮುಖ ತಿರುಗಿಸಿ ನಿಂತು ಹೇಳಿದನಂತೆ: “ಅವ್ವಾರ, ನೀರಾಗ ಬಿದ್ದಮ್ಯಾಲೆ ಕಟ್ಟಾಕ ಬರೂದಿಲ್ರಿ. ಪಟ್ಟಿ ಕಟ್ಟದಿದ್ರ ಜಾಕೆಟ್ ಅಷ್ಟ ಮ್ಯಾಲ ಬರತೈತಿ, ನೀವು ಕೆಳಗ ಉಳೀತೀರಿ.” ಸೊಸೆಯನ್ನು ಕರೆದು ಪಟ್ಟಿ ಕಟ್ಟಿಸಿದ. ಆ ಮಾತು ಕೇಳಿದಾಗ ನನಗೆ ಕಂಡದ್ದು ರಾಮದುರ್ಗದ ಓಣಿಯಲ್ಲ. ನಡುಹೊಳೆಯಲ್ಲಿ ತೇಲುತ್ತಿದ್ದ ಟ್ಯೂಬು, ಅದರ ಕೆಳಗೆ ಹೋದ ತಮ್ಮ.

ಈಗ ಬೈಲಹೊಂಗಲದ ಪಡಸಾಲೆಗೆ ಮರಳೋಣ.

ಹುಡುಗ ಜಾಕೆಟ್ಟಿನ ಹೊದಿಕೆ ಬಿಚ್ಚಿ ಒಳಗಿನ ಯಂತ್ರ ತೋರಿಸಿದ. ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ಸಿಲಿಂಡರ್. ಅದರಲ್ಲಿ 33 ಗ್ರಾಮು ಇಂಗಾಲದ ಡೈಆಕ್ಸೈಡನ್ನು ಒತ್ತಿ ತುಂಬಿರುತ್ತಾರೆ. ಅದರ ಬಾಯಿಗೆದುರಾಗಿ ಒಂದು ಸೂಜಿ, ಸೂಜಿಯ ಹಿಂದೆ ಸ್ಪ್ರಿಂಗು. ಸ್ಪ್ರಿಂಗನ್ನು ಹಿಡಿದಿಟ್ಟಿರುವುದು ಉಪ್ಪಿನ ಹರಳಿನಂತೆ ನೀರಿನಲ್ಲಿ ಕರಗುವ ಒಂದು ಗುಳಿಗೆ. ನೀರಿಗೆ ಬಿದ್ದೊಡನೆ ಗುಳಿಗೆ ಕರಗುತ್ತದೆ, ಸ್ಪ್ರಿಂಗು ಸಿಡಿಯುತ್ತದೆ, ಸೂಜಿ ಸಿಲಿಂಡರಿನ ಬಾಯಿ ಚುಚ್ಚುತ್ತದೆ. ಕೆಲವೇ ಕ್ಷಣಗಳಲ್ಲಿ ಜಾಕೆಟ್ಟು ಉಬ್ಬಿ ನಿಲ್ಲುತ್ತದೆ. ಗುಳಿಗೆ ಕೈಕೊಟ್ಟರೆ ಎಳೆಯಲು ಒಂದು ಹಗ್ಗವಿದೆ. ಅದೂ ಕೈಕೊಟ್ಟರೆ ಬಾಯಿಯಿಂದ ಊದಲು ಒಂದು ನಳಿಕೆಯಿದೆ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅಷ್ಟು ಅನಿಲ ಸುಮಾರು 18 ಲೀಟರ್ ಜಾಗ ತುಂಬೀತು. ಜಾಕೆಟ್ಟಿಗೆ ಸುಮಾರು 15 ಕಿಲೋ ಎತ್ತುವ ಬಲ ಬರುತ್ತದೆ, ಬೇಕಾದದ್ದರ ಮೂರರಷ್ಟು! ಅಷ್ಟು ಬಲವಿರುವುದರಿಂದಲೇ ಪ್ರಜ್ಞೆ ತಪ್ಪಿದವನನ್ನೂ ಅದು ಹೊರಳಿಸಬಲ್ಲದು.

ನನ್ನ ತಮ್ಮ ಇಷ್ಟು ಹೊತ್ತು ಸುಮ್ಮನೆ ಕೂತಿದ್ದ. ಅವನು 1974ರಿಂದ ಈಚೆಗೆ ಹೊಳೆಗಿಳಿದವನಲ್ಲ. ಬೈಲಹೊಂಗಲದಲ್ಲಿ ಕಿರಾಣಿ ಅಂಗಡಿ ಇಟ್ಟು ಬದುಕು ಕಟ್ಟಿಕೊಂಡವನು. ಮೆಲ್ಲನೆ ಎದ್ದು ಹಿತ್ತಲಿಗೆ ಹೋಗಿ ಒಂದು ಬಕೆಟ್ಟು ನೀರು ತಂದಿಟ್ಟ.

“ಅದ್ದಿ ನೋಡೂಣು” ಎಂದ.

ಹುಡುಗ ನಕ್ಕ. “ಅಪ್ಪಾ, ಅದ್ದಿದ್ರ ಗುಳಿಗಿ ಕರಗಿ ಸಿಲಿಂಡರ್ ಖರ್ಚಾಗತೈತಿ. ಇದನ್ನ ನೋಡೂ ರೀತಿನ ಬ್ಯಾರೆ.”

“ಹಂಗಾರ ಆ ರೀತಿಲೆ ನೋಡು. ನೋಡೀಯೇನು ನೀನು?”

ಹುಡುಗ ತಡವರಿಸಿದ. ಜಾಕೆಟ್ಟು ಹೊಸದಲ್ಲ, ಹಾರುವ ಗೆಳೆಯನೊಬ್ಬನಿಂದ ಕಡಿಮೆ ಬೆಲೆಗೆ ಕೊಂಡದ್ದು. ಯಂತ್ರ ಸಜ್ಜಾಗಿದೆಯೆಂದು ತೋರಿಸುವ ಹಸಿರು ಗುರುತು ಈಗಿನವುಗಳಲ್ಲಿರುತ್ತದೆ. ಹಳೆಯ ಮಾದರಿಯಾದ್ದರಿಂದ ಇದರಲ್ಲಿ ಅದಿರಲಿಲ್ಲ. ಕೊಟ್ಟವನು ಗುಳಿಗೆ ಹೊಸದಾಗಿ ಹಾಕಿದ್ದೇನೆಂದು ಹೇಳಿದ್ದ. ಸಿಲಿಂಡರ್ ಕಣ್ಣಿಗೆ ಕಾಣುತ್ತಿತ್ತು. ಇದ್ದದ್ದೇ ಸಾಕೆಂದು ಇವನು ನಂಬಿದ್ದ. ನೋಡುವ ರೀತಿ ಅವನಿಗೆ ಗೊತ್ತಿತ್ತು. ಬಾಯಿಯಿಂದ ಊದಿ ಇಡೀ ರಾತ್ರಿ ಬಿಡಬೇಕು, ಬೆಳಿಗ್ಗೆ ಬಿಗಿಯಾಗಿಯೇ ಇದ್ದರೆ ಚೀಲ ಸೋರುತ್ತಿಲ್ಲ. ಸಿಲಿಂಡರನ್ನು ಬಿಚ್ಚಿ ತೂಗಬೇಕು. ಅದರ ಮೈಮೇಲೆ ಅಚ್ಚೊತ್ತಿದ ತೂಕಕ್ಕಿಂತ ಕಡಿಮೆ ಬರಬಾರದು. ಮತ್ತೆ ಹಾಕುವಾಗ ಗಟ್ಟಿಯಾಗಿ ತಿರುಗಿಸಬೇಕು. ಗುಳಿಗೆಯ ಮೇಲಿನ ತಾರೀಖು ದಾಟಿರಬಾರದು. ವರ್ಷಕ್ಕೊಮ್ಮೆಯಾದರೂ ಇಷ್ಟನ್ನು ಮಾಡಬೇಕು.

“ತೂಕದ್ದೇನು ಬಿಡು, ಅದು ನನ್ನ ಕಸಬು” ಎಂದು ತಮ್ಮ ಅಂಗಡಿಗೆ ಹೋದ. ಏಲಕ್ಕಿ, ಲವಂಗ ತೂಗುವ ಸಣ್ಣ ತಕ್ಕಡಿಯನ್ನು ತಂದ. ಬ್ಯಾಟರಿಯಿಂದ ನಡೆಯುವ ಅಂಕಿಯ ತಕ್ಕಡಿ. ಸಿಲಿಂಡರನ್ನು ಅದರ ಮೇಲಿಟ್ಟ. ಕನ್ನಡಕ ಏರಿಸಿ ಅಚ್ಚಾದ ಅಂಕಿಯನ್ನು ಓದಿದ. ಮತ್ತೊಮ್ಮೆ ಇಟ್ಟ. ಮೂರನೆಯ ಸಲ ತಕ್ಕಡಿಯನ್ನು ಒರೆಸಿ ಇಟ್ಟ. ಅಚ್ಚಾದ ತೂಕಕ್ಕೂ ತಕ್ಕಡಿಯ ತೂಕಕ್ಕೂ 33 ಗ್ರಾಮಿನ ವ್ಯತ್ಯಾಸ.

ಹುಡುಗ ಟಾರ್ಚು ಹಾಕಿ ಸಿಲಿಂಡರಿನ ಬಾಯಿ ನೋಡಿದ. ನಡುವೆ ಸೂಜಿಯ ತೂತು. ಯಾವಾಗಲೋ ಒಮ್ಮೆ ಸಿಡಿದು ಬರಿದಾದ ಸಿಲಿಂಡರ್ ಅದು. ಗುಳಿಗೆ ಬದಲಿಸಿದವನು ಇದನ್ನು ಬದಲಿಸಲು ಮರೆತಿದ್ದ. ಇವನು ನವೆಂಬರಿನಲ್ಲಿ ಮೂರು ಸಲ ಅದನ್ನೇ ಕೊರಳಿಗೆ ಹಾಕಿಕೊಂಡು ಜಲಾಶಯದ ಮೇಲೆ ಹಾರಿದ್ದ.

ಪಡಸಾಲೆಯಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಹುಡುಗನ ತಾಯಿ ಒಳಗಿನಿಂದ ಬಂದು, ಏನಾಯಿತೆಂದು ಕೇಳಿ, ಉತ್ತರ ಸಿಗದೆ ಮಗನ ತಲೆಯ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ಹುಡುಗ ನಳಿಕೆಗೆ ಬಾಯಿಟ್ಟು ಜಾಕೆಟ್ಟನ್ನು ಊದಿದ. ಉಬ್ಬಿದ ಹಳದಿ ಚೀಲವನ್ನು ಪಡಸಾಲೆಯ ಮಂಚದ ಮೇಲೆ ಮಲಗಿಸಿ ಎಲ್ಲರೂ ಮಲಗಲು ಹೋದರು. ನನಗೂ ತಮ್ಮನಿಗೂ ನಿದ್ದೆ ಬರಲಿಲ್ಲ. ನಡುರಾತ್ರಿ ಇಬ್ಬರೂ ಅದರ ಹತ್ತಿರ ಬಂದು ಕೂತೆವು. ಕತ್ತಲಲ್ಲಿ ಅದು ಮಲಗಿದ ಮಗುವಿನಂತೆ ಕಾಣುತ್ತಿತ್ತು. ತಮ್ಮ ಆಗಾಗ ಬೆರಳಿನಿಂದ ಒತ್ತಿ ನೋಡುತ್ತಿದ್ದ.

ಆಗ ನಾನು ಹೇಳಿದೆ. “ಅವತ್ತ ನಾ ಟ್ಯೂಬು ಅದ್ದಿ ನೋಡಿರಲಿಲ್ಲೋ. ಪಂಚರ್ ಅಂಗಡಿಯಾಂವ ಹೇಳಿದ್ದ. ನೋಡೀನಿ ಅಂತ ನಿನಗ ಸುಳ್ಳು ಹೇಳಿದೆ. ಅಪ್ಪಗೂ ಸುಳ್ಳು ಹೇಳಿದೆ.”

ತಮ್ಮ ಜಾಕೆಟ್ಟಿನಿಂದ ಕೈ ತೆಗೆಯಲಿಲ್ಲ.

“ನನಗ ಗೊತ್ತೈತಿ ಅಣ್ಣಾ. ನಾ ಜ್ವರದಾಗ ಮಲಗಿದ್ದಾಗ ಆ ಅಂಗಡಿಯಾಂವ ಮನೀಗೆ ಬಂದಿದ್ದ. ನೋಡದ ಒಯ್ಯಬ್ಯಾಡ ಅಂತ ಹುಡುಗಗ ಹೇಳಿದ್ನಿರಿ ಅಂತ ಅಪ್ಪನ ಮುಂದ ಅತ್ತಾ. ಅವ್ವ ನಿನ್ನ ಕರದು ಕೇಳ್ತೀನಿ ಅಂದ್ಲು. ಅಪ್ಪ ಬ್ಯಾಡಂದ. ‘ಅಂವನ ಬಂದು ಹೇಳಲಿ’ ಅಂದ.”

ಅಪ್ಪ 1998ರಲ್ಲಿ ತೀರಿಕೊಂಡರು. ಕಡೆಯ ತಿಂಗಳುಗಳಲ್ಲಿ ನಾನೇ ಅವರ ಹಾಸಿಗೆಯ ಪಕ್ಕದಲ್ಲಿದ್ದೆ. ಎಷ್ಟೋ ಸಂಜೆ ಅವರು ನನ್ನ ಮುಖವನ್ನೇ ನೋಡುತ್ತ ಸುಮ್ಮನಿರುತ್ತಿದ್ದರು, ಆಯಾಸದಿಂದ ಎಂದುಕೊಂಡಿದ್ದೆ. ಇಪ್ಪತ್ತನಾಲ್ಕು ವರ್ಷ ಆ ಮನುಷ್ಯ ನನಗಾಗಿ ಕಾದಿದ್ದರು. ನಾನು ಹೋಗಲಿಲ್ಲ. ಇದಕ್ಕೆ ಸಮಾಧಾನದ ಮಾತೇನಾದರೂ ಇದ್ದರೆ ನಾನು ಇನ್ನೂ ಅದನ್ನು ಕಂಡಿಲ್ಲ. ತಮ್ಮ ಎದ್ದು ಒಳಗಿನಿಂದ ಕಂಬಳಿ ತಂದು ನನಗೆ ಹೊದಿಸಿದ. ಅದೊಂದನ್ನು ಮಾತ್ರ ಬಲ್ಲೆ.

ಬೆಳಿಗ್ಗೆ ಜಾಕೆಟ್ಟು ಬಿಗಿಯಾಗಿಯೇ ಇತ್ತು. ಚೀಲ ಗಟ್ಟಿ, ಸಿಲಿಂಡರ್ ಮಾತ್ರ ಬರಿದು. ಹೊಸ ಸಿಲಿಂಡರ್ ಬರುವವರೆಗೆ ಹಾರುವುದಿಲ್ಲವೆಂದು ಹುಡುಗ ಕೇಳದೆಯೇ ಮಾತು ಕೊಟ್ಟ. ಈಗ ಪ್ರತಿ ಅಕ್ಟೋಬರಿನಲ್ಲಿ, ಹಾರಾಟ ಆರಂಭವಾಗುವ ಮುನ್ನ, ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟ ಒಂದು ಫೋಟೋವನ್ನು ಅಪ್ಪನ ಮೊಬೈಲಿಗೆ ಕಳಿಸುತ್ತಾನೆ. ತಮ್ಮ ಅದನ್ನು ನನಗೆ ಕಳಿಸುತ್ತಾನೆ.

ಬೈಲಹೊಂಗಲ, ಕಿತ್ತೂರು ಸೀಮೆ ಸೈನಿಕರನ್ನು ಹೆತ್ತ ನಾಡೆಂದು ನಿಮಗೆ ನಾನು ಹೇಳಬೇಕಿಲ್ಲ. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದ ಒಂದು ಬಟಾಲಿಯನ್ನೇ ಮುಂದೆ ಪ್ಯಾರಾಚೂಟ್ ರೆಜಿಮೆಂಟಿನ ಎರಡನೆಯ ಬಟಾಲಿಯನ್ ಆಯಿತು. 1971ರ ಡಿಸೆಂಬರ್ 11ರಂದು ಬಾಂಗ್ಲಾದ ಟಂಗೈಲ್ ಬಳಿ ಆಕಾಶದಿಂದಿಳಿದವರು ಅವರೇ. ನಮ್ಮ ಓಣಿಯಲ್ಲಿ ಹಾಗೆ ಜಿಗಿಯುವ ದಳದಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಆಗ್ರಾದ ಶಾಲೆಯಲ್ಲಿ ತಾವು ಕಲಿತದ್ದನ್ನು ಅವರು ನಮಗೆ ಹೇಳಿದರು. ಜಿಗಿಯುವ ಮುನ್ನ ವಿಮಾನದೊಳಗೆ ಸಾಲಾಗಿ ನಿಂತಾಗ ಪ್ರತಿಯೊಬ್ಬನೂ ತನ್ನ ಮುಂದಿನವನ ಬೆನ್ನಿನ ಚೀಲವನ್ನು ನೋಡಿ, ಸರಿಯಿದೆಯೆಂದು ಸನ್ನೆ ಕೊಡಬೇಕಂತೆ. “ಯಾಕಂದ್ರ ಮಾಸ್ತರ, ತನ್ನ ಬೆನ್ನು ತನಗ ಕಾಣೂದಿಲ್ಲ” ಎಂದರು.

ಓದುಗರೇ, ನಿಮ್ಮ ಮನೆಯಲ್ಲಿ ಹಾರುವವರು ಇರಲಿಕ್ಕಿಲ್ಲ. ಆದರೆ ರಜೆಗೆ ಸಮುದ್ರದಂಡೆಗೆ ಹೋದಾಗ ದೋಣಿಯ ಹಿಂದೆ ಪ್ಯಾರಾಚೂಟು ಕಟ್ಟಿಕೊಂಡು ಏರಲು ಮಕ್ಕಳು ಹಟ ಮಾಡಿಯಾರು. ಜಲಾಶಯದಲ್ಲಿ ದೋಣಿ ಹತ್ತಿಯಾರು. ಮುಂದಿನ ಮಳೆಗಾಲದಲ್ಲಿ ರಬ್ಬರ್ ದೋಣಿ ನಿಮ್ಮ ಕಟ್ಟೆಗೇ ಬಂದೀತು. ಜಾಕೆಟ್ಟಿನ ಪಟ್ಟಿಗಳನ್ನೆಲ್ಲ ದಡದ ಮೇಲೆಯೇ ಕಟ್ಟಿರಿ. ಗಾಳಿ ತುಂಬುವಂಥದಾದರೆ ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ ಎಂದು ಕೇಳಿರಿ, ಕೇಳಲು ನಾಚಬೇಡಿರಿ. ಟ್ಯೂಬನ್ನು ಆಟಕ್ಕೆ ಬಿಡಿರಿ, ಜೀವವನ್ನು ಅದಕ್ಕೆ ಒಪ್ಪಿಸಬೇಡಿರಿ. ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡಿರಿ. ಬಚ್ಚಿಟ್ಟ ಮಾತೊಂದು ನಿಮ್ಮಲ್ಲೂ ಇದ್ದರೆ, ಕಾಯುತ್ತಿರುವವರು ಕಾಯುವಷ್ಟು ದಿನ ಇರುತ್ತಾರೆಂದು ನಂಬಿ ಕೂಡಬೇಡಿರಿ.

ಈಗ ಬೈಲಹೊಂಗಲಕ್ಕೆ ಹೋದಾಗ ರಾತ್ರಿ ಬಾಗಿಲು ಹಾಕುವ ಕೆಲಸ ನನ್ನದು. ಮಲಗುವ ಮುನ್ನ ತಮ್ಮ ಒಳಗಿನಿಂದ ಕೂಗುತ್ತಾನೆ, “ಹಿತ್ತಲ ಬಾಗಿಲ ಚಿಲಕ ನೋಡೀಯೇನಣ್ಣಾ?” ಆಗಲೇ ನೋಡಿ ಬಂದಿದ್ದರೂ ನಾನು ಒಮ್ಮೆಲೇ ಉತ್ತರ ಕೊಡುವುದಿಲ್ಲ. ಎದ್ದು ಹೋಗಿ, ಚಿಲಕವನ್ನು ಕೈಯಿಂದ ಮುಟ್ಟಿ, ಮರಳಿ ಬಂದು ಹೇಳುತ್ತೇನೆ:

“ನೋಡೀನಿ.”